ಹಳದಿ ಶಾಲಿನ ಮಾವ

ಬಂಗುಡೆ ಮೀನಿನ ಕಿವಿರು ಕಿತ್ತು ತೆಂಗಿನ ಗೆರಟೆಗೆ ಹಾಕುವಷ್ಟರಲ್ಲಿ ಹಿತ್ತಿಲ ಬದಿಯಲ್ಲಿ ಬೈಕು ನಿಂತ ಸದ್ದಾಯಿತು. ವಿನಯಾ ಮೆಟ್ಟುಕತ್ತಿಯ ಮಣೆಯ ಮೇಲಿಂದ ಏಳಲಿಲ್ಲ. ಮುಂದಿನ ಮೀನನ್ನು ಎತ್ತಿಕೊಂಡಳು.

"ಮೇಡಂ, ಹಿಂದೆ ಇದ್ರಿಯಾ?"

ಎಸ್‌ಐ ರತನ್‌ನ ದನಿ. ಒಂದು ಕಾಲಕ್ಕೆ ಇದೇ ಗುಡ್ಡೆಯ ಕಲಾ ಕಾಲೇಜಿನಲ್ಲಿ ಅವಳ ಇತಿಹಾಸದ ಪಾಠ ಕೇಳಿದವನು. ಈಗ ಕುಂದಾಪುರ ಠಾಣೆಯಲ್ಲಿದ್ದಾನೆ. ಹಳೆ ವಿದ್ಯಾರ್ಥಿಗಳ ಸಮ್ಮಿಲನದ ಸಂಜೆ ಹಾಸ್ಟೆಲಿನಿಂದ ಕಾಣೆಯಾದ ಪೂಜಿತಾಳನ್ನು ಹುಡುಕುವ ಕೆಲಸ ಅವನದೇ. ಹುಡುಗಿ ಇನ್ನೂ ಸಿಕ್ಕಿರಲಿಲ್ಲ.

"ಏಳ್ಬೇಡಿ ಮೇಡಂ. ಮೀನ್ ಕೈಯಂಗೆ ಎಲ್ಲಿಗ್ ಏಳ್ತ್ರಿ?" ಎನ್ನುತ್ತಾ ಅವನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತ. ಕೂರು ಎಂದು ಹೇಳುವವರೆಗೆ ಅವನು ಇವಳೆದುರು ಕೂರುವವನಲ್ಲ. ಹೆಗಲ ಮೇಲೆ ನಕ್ಷತ್ರ ಬಂದ ಮೇಲೂ ಆ ರೂಢಿ ಹೋಗಿರಲಿಲ್ಲ.

"ಕೂಕೊ," ಎಂದಳು ವಿನಯಾ.

ಅವನು ಕಲ್ಲಿನ ಅಂಚಿಗೆ ಕೂತ. ಕೆಳಗೆ ತೆಕ್ಕಟ್ಟೆಯ ಹೆದ್ದಾರಿಯಲ್ಲಿ ಬಸ್ಸುಗಳು ಪೈಪೋಟಿಯಲ್ಲಿ ಹಾರ್ನ್ ಹಾಕಿಕೊಂಡು ಹೋಗುತ್ತಿದ್ದವು. ಈ ಗುಡ್ಡೆಯ ಮೇಲೆ ಅವಳ ವಾರ್ಡನ್ ಕ್ವಾರ್ಟರ್ಸ್‌ನ ಹಿತ್ತಿಲಿನಿಂದ ಎಲ್ಲವೂ ಕಾಣುತ್ತದೆ: ಹಾಸ್ಟೆಲಿನ ಗೇಟು, ಕಂಪೌಂಡು, ಗೇಟಿನಾಚೆಯ ಚಹಾದಂಗಡಿ.

"ಗೋಡೆ ಹಾರಿದ್ದಲ್ಲ ಮೇಡಂ ಅವ್ಳ್," ಎಂದ ರತನ್. "ಕಂಪೌಂಡ್ ಸುತ್ತ ಮತ್ತೊಂದ್ ಸಲ ಕಂಡೆ. ಮಳೆಗಾಲದ್ ಪಾಚಿ ಹಂಗೇ ಇತ್ತ್. ಒಂದ್ ಕಡೆಯೂ ಗೀರಿದ ಗುರ್ತ ಇಲ್ಲೆ. ಆ ಗೋಡೆಗೆ ಬೆಕ್ಕ್ ಹತ್ತಿರೂ ಗುರ್ತ ಉಳಿತ್ತ್."

"ಹಂಗಾರೆ?"

"ಗೇಟಲ್ಲೇ ಹೋದದ್ದ್. ಬೀಗ ಒಡ್ದದ್ದಲ್ಲ, ಕೀ ಹಾಕಿ ತೆಗ್ದದ್ದ್."

ವಿನಯಾಳ ಕೈಯಲ್ಲಿದ್ದ ಮೀನು ಜಾರಿ ನೀರಿನ ಪಾತ್ರೆಗೆ ಬಿತ್ತು. ಮುಖಕ್ಕೆ ಸಿಡಿದ ನೀರನ್ನು ತೋಳಿಗೆ ಒರೆಸಿಕೊಂಡಳು.

"ಒಂದ್ ಮಾತ್ ಕೇಂತೆ. ಬೇಜಾರ್ ಮಾಡ್ಕಣ್ಬೇಡಿ."

ಕೇಳಲಿ, ಎಂದುಕೊಂಡಳು ಅವಳು. ಕೀ ಯಾರ ಕೈಯಲ್ಲಿತ್ತು ಮೇಡಂ, ಗೇಟು ತೆಗೆದದ್ದು ಯಾರು ಮೇಡಂ ಎಂದು ನೇರವಾಗಿ ಕೇಳಿದರೆ ಹೇಳಿಬಿಡುತ್ತೇನೆ. ರಾತ್ರಿಯೆಲ್ಲ ಮುಚ್ಚಿಟ್ಟುಕೊಂಡದ್ದು ಒಂದೇ ಮಾತಿಗೆ ಹೊರಬಂದೀತು.

"ಗುಂಪು ಫೋಟೋಕ್ಕೆ ಅಂತ ನೀವ್ ಸ್ಟೇಜಿನ ಹತ್ರ ಹೋದ್ರಿಯಲೆ? ಆಗ ಹಾಸ್ಟೆಲ್ ಕೀ ಆಫೀಸಿನ ಮೊಳೆಗೇ ಇತ್ತ್, ಅಲ್ದಾ?"

ಅದು ಪ್ರಶ್ನೆಯೇ ಅಲ್ಲ. ಉತ್ತರವನ್ನು ತಾನೇ ಬರೆದುಕೊಂಡು ಬಂದು ಟೀಚರ ಒಂದು ಸಹಿಗೆ ಕಾದು ಕೂತ ಹುಡುಗನ ಹಾಗಿದ್ದ ರತನ್. ಆ ಸಂಜೆ ಕೀ ಇದ್ದದ್ದು ಅವಳ ಸೊಂಟದಲ್ಲಿ. ಸೀರೆಯ ನೆರಿಗೆಯ ಪಕ್ಕ, ಫೋಟೋ ತೆಗೆಯುವಾಗ ಚುಚ್ಚುತ್ತಲೂ ಇತ್ತು.

"ಹ್ಞೂಂ," ಎಂದಳು ವಿನಯಾ.

"ಅಷ್ಟೇ ಬೇಕಾದ್ದ್ ನಂಗೆ." ಅವನ ಮುಖ ಅರಳಿತು. "ಆ ಹೊತ್ತಿಗೇ ಅವ್ಳ ಕ್ಲಾಸಿನ ವಿಶಾಲ, ನಾವ್ ಸ್ಟೇಷನ್ನಲ್ಲಿ ಕೂರ್ಸಿದ್ದವ, ಕೀ ಹಾರಿಸಿದ. ಅವ್ನ ಅಕ್ಕ ಬ್ರಹ್ಮಾವರದಲ್ಲಿ ರೂಮ್ ಮಾಡ್ಕಂಡ್ ಇದ್ಳ್. ಪೂಜಿತನ ಫೋನಿನ ಸಿಗ್ನಲ್ ಕಡೆಗೆ ಸಿಕ್ಕಿದ್ದ್ ಎಲ್ಲಿ ಗೊತ್ತಾ? ಅದೇ ದಾರಿಯಲ್ಲಿ, ಸಾಸ್ತಾನದ ಟೋಲ್ ಹತ್ರ. ಅಲ್ಲಿಂದ ಮುಂದೆ ಸ್ವಿಚ್ ಆಫ್."

ಸಾಸ್ತಾನ.

ಬೆರಳಿಗೆ ಉರಿ ಹತ್ತಿದ ಮೇಲೆಯೇ ಮೆಟ್ಟುಕತ್ತಿ ತಾಗಿದ್ದು ಅವಳಿಗೆ ತಿಳಿದದ್ದು. ಸಾಸ್ತಾನ ತೆಂಕಲಿಗೆ. ಬೈಂದೂರು ಬಡಗಲಿಗೆ. ಬೈಂದೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದವನು ಹುಡುಗಿಯನ್ನು ಅದಕ್ಕೆ ಬೆನ್ನು ಹಾಕಿ ಒಯ್ದಿದ್ದಾನೆ. ಈ ಒಂದು ಸಂಗತಿಯ ಅರ್ಥ ಗೊತ್ತಿದ್ದವಳು ಜಗತ್ತಿನಲ್ಲಿ ತಾನೊಬ್ಬಳೇ.

"ರಕ್ತ ಬಂತಲ್ಲ ಮೇಡಂ!"

"ಎಂತ ಇಲ್ಲ ಬಿಡು. ವಿಶಾಲ ಎಂತ ಹೇಳ್ತ?"

ರತನ್ ನಕ್ಕ. "ಅವ್ನ ಕಥೆ ಕೇಣಿ. ಚಹಾದಂಗಡಿಯಿಂದ ಕಂಡನಂಬ್ರ್. ಹಳದಿ ಶಾಲು ಹೊದ್ದವ ಒಬ್ಬ ಗೇಟಲ್ಲಿ ನಿಂತಿದ್ನಂಬ್ರ್, ನೀವ್ ಅವ್ನ ಹತ್ರ ನೆಗಾಡ್ಕಂಡ್ ಮಾತಾಡ್ತಿದ್ರಿಯಂಬ್ರ್. ಆವತ್ತ್ ಗುಡ್ಡೆ ತುಂಬ ಹಳದಿ ಶಾಲೇ ಅಲ್ದಾ? ಹಳೆ ವಿದ್ಯಾರ್ಥಿ ಅಂತ ಬಂದವರಿಗೆಲ್ಲ ಹೊದೆಸಿದ್ದೇ ಅದ್. ನಾನೂ ಹೊದ್ಕಂಡಿದ್ದೆ. ನಾಳೆ ನನ್ನ ಹೆಸ್ರೂ ಹೇಳ್ತ ಅವ."

"ಹೆದ್ರಿ ಹೇಳಿದ್ದಾಗಿರ್ಲಕ್ಕ್."

"ಹೆದ್ರಿದವ ವಾರ್ಡನ್ ಮೇಲೆ ಹಾಕ್ತನಾ? ಸಿದ್ದಾಪುರದಿಂದ ಅವ್ನ ಅಪ್ಪಯ್ಯ ಬಂದ್ ಸ್ಟೇಷನ್ ಜಗಲಿಯಲ್ಲೇ ಕೂತಿದ್ರ್. ನೀವ್ ಇವತ್ತ್ ಸಂಜೆ ಬಂದ್, ಅವ ಹೇಳೂದ್ ಸುಳ್ಳು ಅಂತ ಒಂದ್ ಹೇಳಿಕೆ ಕೊಡಿ. ಸಾಕ್. ನಾಳೆ ಕೋರ್ಟಿಗೆ ಹಾಜರ್ ಮಾಡಿ ಕಸ್ಟಡಿಗೆ ಕೇಂತೆ. ಮತ್ತೆ ಬಾಯಿ ಬಿಡ್ತ."

ಹೊರಡುವಾಗ ಅವನು ಬೈಕಿನ ಹತ್ತಿರದಿಂದಲೇ ತಿರುಗಿ ಕೂಗಿದ. "ಆಧಾರ ಇಲ್ದೆ ಯಾವ್ದನ್ನೂ ನಂಬ್ಬೇಡ ಅಂತ ನೀವೇ ಕಲ್ಸಿದ್ದ್ ಮೇಡಂ. ಅದ್ಕೇ ಇಷ್ಟೆಲ್ಲ ತಿರ್ಗೂದ್ ನಾನ್."

ಬೈಕು ಇಳಿಜಾರಿನಲ್ಲಿ ಮರೆಯಾಗುವವರೆಗೂ ವಿನಯಾ ಕೈ ಬೀಸುತ್ತಲೇ ಇದ್ದಳು. ಬೀಸಿದ ಕೈಯಲ್ಲಿ ಮೀನಿನ ರಕ್ತ ಯಾವುದು, ತನ್ನದು ಯಾವುದು ಎಂದು ತಿಳಿಯುವ ಹಾಗಿರಲಿಲ್ಲ.

ಸಮ್ಮಿಲನದ ಆ ದಿನ ಬೆಳಿಗ್ಗೆಯಿಂದ ಅವಳು ಕೇಳಿದ್ದು ಒಂದೇ ಪ್ರಶ್ನೆ. ಗುರ್ತ ಸಿಕ್ತಾ ಮೇಡಂ? ತಲೆ ಬೋಳಾದವರು, ಹೊಟ್ಟೆ ಬಂದವರು, ಮುಂಬಯಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರು, ಎಲ್ಲರೂ ಹಳದಿ ಶಾಲು ಹೊದ್ದು ಎದುರು ನಿಂತು ಕಣ್ಣಿನಲ್ಲೇ ಪರೀಕ್ಷೆ ಮಾಡುತ್ತಿದ್ದರು. ಇಲ್ಲ ಎನ್ನಲು ಬಾಯಿ ಬರುವುದಿಲ್ಲ ಈ ಊರಿನವರಿಗೆ. ಗುರುತು ಸಿಗಲಿಲ್ಲ ಎಂದರೆ ನೀನು ನನಗೆ ಯಾರೂ ಅಲ್ಲ ಎಂದ ಹಾಗೆ. ಹತ್ತು ಜನರ ಎದುರು ಅವರ ಮುಖ ಸಣ್ಣದಾಗುತ್ತದೆ. "ಸಿಕ್ಕದೆ ಎಂತ, ನಿನ್ನ ಮರೂಕಾತ್ತಾ?" ಎಂದು ಹೇಳಿ ಹೇಳಿ ಸಂಜೆಯ ಹೊತ್ತಿಗೆ ಆ ಮಾತು ತಾನಾಗಿಯೇ ಬರುತ್ತಿತ್ತು.

ಅವನು ಬಂದದ್ದು ಆ ಹೊತ್ತಿನಲ್ಲೇ.

"ಎಂತ ವಿನಯಕ್ಕಾ, ಗುರ್ತ ಸಿಕ್ಲಿಲ್ಯಾ?"

ವಿನಯಕ್ಕ. ಹಾಗೆ ಕರೆಯುತ್ತಿದ್ದವರು ಅವಳು ಇಲ್ಲಿ ವಿದ್ಯಾರ್ಥಿನಿಯಾಗಿದ್ದಾಗಿನ ಕಿರಿಯರು ಮಾತ್ರ. ಕುಳ್ಳಗಿನ ಆಳು, ಕಪ್ಪು ಬಣ್ಣ ಹಚ್ಚಿದ ಮೀಸೆ. ಮುಖ ಎಲ್ಲೂ ಹೊಂದಲಿಲ್ಲ. ಆದರೆ ಮಾತು ಮನೆಯದು, ಸಲಿಗೆ ಹಳೆಯದು. "ಸಿಕ್ಕದೆ ಎಂತ!" ಎಂದು ಅವಳು ನಕ್ಕಿದ್ದಳು. ವಿಶಾಲ ಕಂಡದ್ದು ಆ ನಗೆಯನ್ನೇ.

ನಾನು ಪೂಜಿತಾಳ ಮಾವ ಎಂದ ಅವನು. ಅಕ್ಕನಿಗೆ ಜ್ವರ ಜಾಸ್ತಿಯಾಗಿ ಬೈಂದೂರಿನ ಆಸ್ಪತ್ರೆಗೆ ಹಾಕಿದ್ದೇವೆ, ಮಗಳನ್ನು ಕರೆದುಕೊಂಡು ಬಾ ಅಂದಳು ಎಂದ. ತಾಯಿ ಫೋನು ಮಾಡದೆ ಯಾರ ಜೊತೆಗೂ ಹುಡುಗಿಯನ್ನು ಕಳಿಸಬಾರದು ಎನ್ನುವುದು ಹಾಸ್ಟೆಲಿನ ನಿಯಮ. ಅದನ್ನು ಮಾಡಿದವಳೂ ವಿನಯಾಳೇ. ಆದರೆ ಗುರುತು ಸಿಕ್ಕಿತು ಎಂದ ಬಾಯಲ್ಲೇ, ತಡಿ ಮಾರಾಯ, ನೀನು ಹೌದೋ ಅಲ್ಲವೋ ಎಂದು ವಿಚಾರಿಸುತ್ತೇನೆ ಎನ್ನುವುದು ಹೇಗೆ? ಅತ್ತ ಸ್ಟೇಜಿನಿಂದ ಮೈಕಿನಲ್ಲಿ ಅವಳ ಹೆಸರು ಕರೆಯುತ್ತಿದ್ದರು. ಫೋಟೋಕ್ಕೆ ಎಲ್ಲರೂ ನಿಂತಾಗಿತ್ತು.

ಪೂಜಿತಾ ಬ್ಯಾಗು ಹೆಗಲಿಗೇರಿಸಿ ಕೆಳಗೆ ಬಂದಳು. ಅವನನ್ನು ನೋಡಿದಳು. ಆಮೇಲೆ ವಿನಯಾಳನ್ನು ನೋಡಿದಳು.

"ನೀ ಸಣ್ಣದಿಪ್ಪತಿಗೆ ಕಂಡದ್ದ್ ಹೆಣ್ಣೆ, ನಿಂಗ್ ಗುರ್ತ ಇಪ್ಪುದಿಲ್ಲ," ಎಂದಿದ್ದ ಅವನು. "ವಿನಯಕ್ಕಂಗ್ ಗೊತ್ತಿತ್ತ್ ನನ್ನ. ಅಲ್ದಾ ವಿನಯಕ್ಕ?"

"ನೀವ್ ಹೇಳ್ತ್ರಿ ಅಂದ್ರೆ ಹೋತೆ ಮೇಡಂ," ಎಂದಿದ್ದಳು ಹುಡುಗಿ.

"ಹೋಯಿ ಬಾ. ಅಮ್ಮನ್ನ ಕಾಣು ಮೊದ್ಲು," ಎಂದು ವಿನಯಾ ಸೊಂಟದ ಕೀ ತೆಗೆದು ಗೇಟು ತೆರೆದಿದ್ದಳು.

ಮರುದಿನ ಹುಡುಗಿಯ ತಾಯಿ ಪದ್ದು ಎಂದಿನ ಹಾಗೆ ಮಗಳ ಕುಶಲ ಕೇಳಲು ಫೋನು ಮಾಡಿದಾಗಲೇ ಹುಡುಗಿ ಊರಿಗೆ ತಲುಪಿಲ್ಲ ಎಂದು ಗೊತ್ತಾದದ್ದು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಪ್ರಾಂಶುಪಾಲ ರಾಜೇಂದ್ರ, "ಗೇಟಿಗೆ ಬೀಗ ಹಾಕಿತ್ತು ತಾನೇ ಮೇಡಂ?" ಎಂದು ಕೇಳಿದ್ದರು. ಅವಳು ತಲೆಯಾಡಿಸಿದ್ದಳು. ಆಮೇಲೆ ಆ ತಲೆಯನ್ನು ಬೇರೆ ಕಡೆಗೆ ಆಡಿಸುವ ಧೈರ್ಯ ಬರಲೇ ಇಲ್ಲ.

ಒಂದೇ ಒಂದು ಸಮಾಧಾನವಿತ್ತು. ಅವನು ಸುಳ್ಳು ಹೇಳಿದ್ದರೂ ಮನೆಯವನೇ. ಮದುವೆಗೋ ಜಗಳಕ್ಕೋ ಅಂತೂ ಸೋದರಮಾವ ಒಯ್ದದ್ದು. ಮಾವನಾದವನು ಹುಡುಗಿಗೆ ಕೇಡು ಮಾಡಲಾರ. ಈ ಒಂದು ಮಾತನ್ನು ಹಿಡಿದುಕೊಂಡೇ ಅವಳು ಪಾಠ ಮಾಡಿದ್ದಳು, ಉಂಡಿದ್ದಳು, ಮೀನಿನವಳು ಬಾಗಿಲಿಗೆ ಬಂದಾಗ ಬೇಡ ಎನ್ನದೆ ಬಂಗುಡೆ ತೆಗೆದುಕೊಂಡಿದ್ದಳು.

"ಹ್ವಾಯ್ ಟೀಚ್ರೆ!"

ವಿನಯಾ ಬೆಚ್ಚಿದಳು. ಅಬ್ಬಲಿಗೆ ಗಿಡದ ಪಕ್ಕ ಪೂಜಿತಾಳ ತಾಯಿ ಪದ್ದು ನಿಂತಿದ್ದಳು. ಬೈಂದೂರು ಪೇಟೆಯಲ್ಲಿ ಮೀನು ಮಾರುವವಳು. ಬುಟ್ಟಿಯಿಲ್ಲದೆ ಅವಳನ್ನು ಕಂಡದ್ದು ಇದೇ ಮೊದಲು. ಬುಟ್ಟಿಯಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು.

"ಸ್ಟೇಷನ್ನಿಗ್ ಹೋಯಿದ್ದೆ. ಅಲ್ಲಿ ಕೂಕಣಿ ಕೂಕಣಿ ಅಂತ್ರ್ ಬಿಟ್ರೆ ಎಂತದೂ ಹೇಳ್ತಿಲ್ಲ. ಮಗ್ಳ ರೂಮ್ ಒಂದ್ಸಲ ಕಂಡ್ಕಂಡ್ ಹೋಪ ಅಂತ ಬಂದೆ."

"ಬನ್ನಿ ಪದ್ದು. ಚಾ ಮಾಡ್ತೆ."

"ಚಾ ಬ್ಯಾಡ." ಅವಳ ಕಣ್ಣು ಮೀನಿನ ಪಾತ್ರೆಗೆ ಬಿತ್ತು. "ಇದೆಂತ ಮಾಡಿ ಇಟ್ಟಿದ್ರಿ? ಹೊಟ್ಟೆ ಸಮಾ ತೆಗಿಲಿಲ್ಲ. ಕೈ ಬೇರೆ ಕೊಯ್ಕಂಡಿದ್ರಿ. ಏಳಿ, ಏಳಿ. ಬಿ.ಎ. ಪಾಠ ಅಲ್ಲ ಇದ್."

ಬೇಡ ಎನ್ನುವ ಮೊದಲೇ ಪದ್ದು ಮೆಟ್ಟುಕತ್ತಿಯ ಮೇಲೆ ಕೂತಾಗಿತ್ತು. ಮೀನು ಕೈಗೆ ಸಿಕ್ಕಿದ ಕೂಡಲೇ ಆ ಕೈಗಳು ಶಾಂತವಾದವು. ರೆಕ್ಕೆ, ಬಾಲ, ಹೊಟ್ಟೆ. ಕಣ್ಣು ಬೇರೆಲ್ಲೋ ಇದ್ದರೂ ಕೈ ತಪ್ಪಲಿಲ್ಲ.

"ನಿನ್ನೆದ್ ಮೀನ್ ಇದ್. ಮೋಸ ಮಾಡಿದ್ರ್ ನಿಮ್ಗ್." ಒಂದನ್ನು ಎತ್ತಿ ಮೂಸಿದಳು. "ಕಾಣಿ, ಕಣ್ಣ್ ಹೆಂಗ್ ಒಳಗ್ ಹೋಯ್ತ್. ನನ್ನ ಮಗ್ಳಿದ್ದಿದ್ರೆ ತಕಂಬುಕೆ ಬಿಡ್ತಿರ್ಲಿಲ್ಲ."

ಹೇಳಿದ ಮೇಲೆ ಆ ಮಾತು ಅವಳಿಗೇ ತಾಗಿತು. ಇನ್ನೊಂದು ಮೀನನ್ನು ಕತ್ತಿಗೆ ಕೊಟ್ಟಳು.

ತನ್ನ ಮಗಳನ್ನು ಕಳೆದವಳ ಮೀನನ್ನು ಆ ಮಗಳ ತಾಯಿ ಕುಳಿತು ಹೆಚ್ಚುತ್ತಿದ್ದಾಳೆ. ವಿನಯಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಲೂ ಆಗಲಿಲ್ಲ. ಕೇಳದೆ ಇರಲಂತೂ ಆಗಲೇ ಇಲ್ಲ.

"ಪದ್ದು, ಪೂಜಿತನ ಮಾವ... ನಿಮ್ಮ ಅಣ್ಣ ತಮ್ಮ ಯಾರಾರೂ ಈ ಬದಿಗ್ ಬಂದಿದ್ರಾ ಅಂತ?"

"ಅಣ್ಣ ತಮ್ಮನಾ?" ಪದ್ದು ತಲೆಯೆತ್ತಲಿಲ್ಲ. "ಎಲ್ಲಿಂದ್ ತಕಂಡ್ ಬಪ್ಪುದ್? ನಮ್ ಅಪ್ಪಯ್ಯಂಗೆ ನಾಲ್ಕೂ ಹೆಣ್ಣೇ."

"ಗಂಡನ ಬದಿಯಿಂದ..."

"ಅವ್ರ್ ಒಬ್ರೇ. ಹಿಂದೂ ಇಲ್ಲೆ, ಮುಂದೂ ಇಲ್ಲೆ. ಮಾವ ಅಂತ ಕರೂಕೆ ಒಂದ್ ಜನ ಇಲ್ಲೆ ನನ್ನ ಮಗ್ಳಿಗೆ. ಸಣ್ಣದಿಪ್ಪತಿಗೆ ಅದ್ಕೇ ಕಣ್ಣೀರ್ ಹಾಕಿ ಮರ್ಕುದ್ ಅವ್ಳ್, ಎಲ್ಲರಿಗೂ ಮಾವ ಇದ್ರ್, ನಂಗ್ ಮಾತ್ರ ಎಂತಕಿಲ್ಲೆ ಅಂತ."

ವಿನಯಾ ಗೋಡೆಗೆ ಒರಗಿದಳು. ಹಿಡಿದುಕೊಂಡಿದ್ದ ಒಂದೇ ಸಮಾಧಾನವೂ ಕೈಬಿಟ್ಟಿತು. ಈಗ ಆ ನೋಟದ ಅರ್ಥ ತಿಳಿಯಿತು. ಹುಡುಗಿ ಅವನನ್ನು ನೋಡಿ, ತನ್ನನ್ನು ನೋಡಿದ್ದು ತಾಯಿಯ ಜ್ವರದ ಗಾಬರಿಯಿಂದಲ್ಲ. ಇವರು ನಿಮಗೆ ಗೊತ್ತಾ ಮೇಡಂ ಎಂದು ಕೇಳಿದ್ದು ಆ ನೋಟ. ಅವನು ಹುಡುಗಿಯ ಮಾವ ಎಂದು ತಾನು ನಂಬಿದೆ. ತನ್ನ ಪರಿಚಯದವನು ಎಂದು ಹುಡುಗಿ ನಂಬಿದಳು. ಇಬ್ಬರಿಗೂ ಗುರುತಿಲ್ಲದವನ ಜೊತೆ, ಒಬ್ಬರ ಮೇಲೊಬ್ಬರು ಇಟ್ಟ ನಂಬಿಕೆಯಲ್ಲೇ ಹುಡುಗಿ ಹೋದಳು. ಎಂದೂ ಇಲ್ಲದ ಮಾವ ಒಬ್ಬ ಕೊನೆಗೂ ಬಂದ ಎಂಬ ಆಸೆಯೂ ಅವಳಿಗೆ ಒಂದಿಷ್ಟು ಇತ್ತೋ ಏನೋ.

ಕತ್ತಿಯ ಸದ್ದು ನಿಂತಿತು.

"ಎಂತಕ್ ಕೇಂಡ್ರಿ ಟೀಚ್ರೆ?"

"ಸುಮ್ನೆ."

"ಪೊಲೀಸ್ರ್ ನೂರ್ ಕೇಂಡ್ರ್. ಗಂಡ್ ಮಕ್ಕಳ ಸಹವಾಸ ಇತ್ತಾ ಅಂದ್ರ್, ಬೈದ್ರಿಯಾ ಅಂದ್ರ್. ಮಾವ ಇದ್ರಾ ಅಂತ ಯಾರೂ ಕೇಂಬ್ಲಿಲ್ಲ." ಪದ್ದು ಎದ್ದು ನಿಂತಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನೀವ್ ಸುಮ್ನೆ ಕೇಂಬವ್ರಲ್ಲ. ಯಾರಾರೂ ಮಾವ ಅಂತ ಹೇಳ್ಕಂಡ್ ಬಂದಿದ್ರಾ?"

"ಇಲ್ಲ ಪದ್ದು."

"ನನ್ನ ಮೋರೆ ಕಂಡ್ ಹೇಳಿ."

ವಿನಯಾ ನೋಡಿದಳು. ಉಪ್ಪುಗಾಳಿಗೆ ಒಣಗಿದ ಕೆನ್ನೆ, ನಿದ್ದೆಯಿಲ್ಲದೆ ಕೆಂಪಾದ ಕಣ್ಣು, ಹುಬ್ಬಿನ ಮೇಲೆ ಅಂಟಿದ ಮೀನಿನ ಒಂದು ಪೊರೆ. ಆ ಮುಖದ ಹತ್ತಿರ ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ.

"ಯಾರೂ ಬರ್ಲಿಲ್ಲ," ಎಂದಳು.

ಪದ್ದು ಏನೋ ಹೇಳಲು ಬಾಯಿ ತೆರೆದಳು. ಆಗಲೇ ಕ್ವಾರ್ಟರ್ಸ್‌ನ ಬದಿಯಿಂದ ಚಪ್ಪಲಿಯ ಸದ್ದು ಕೇಳಿತು. ಬಿಳಿ ಷರ್ಟು, ಕಂಕುಳಲ್ಲಿ ಫೈಲು, ಹಣೆಯಲ್ಲಿ ಬೆವರು: ಪ್ರಾಂಶುಪಾಲ ರಾಜೇಂದ್ರ. ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವ ದಿನ ಹತ್ತಿರವಾದಾಗಿನಿಂದ ಆ ಫೈಲು ಅವರ ಕಂಕುಳಿನಿಂದ ಇಳಿದದ್ದನ್ನು ಯಾರೂ ನೋಡಿರಲಿಲ್ಲ.

"ಮೇಡಂ, ರತನ್ ಬಂದಿದ್ದನಂತೆ..." ಎನ್ನುತ್ತಾ ಬಂದವರು ಪದ್ದುವನ್ನು ಕಂಡು ನಿಂತರು. ಕೂಡಲೇ ಮುಖದಲ್ಲಿ ಕನಿಕರ ತಂದುಕೊಂಡರು. ಮಾತಿನಲ್ಲಿ ಅವರು ಯಾರಿಗೂ ಕಡಿಮೆ ಮಾಡುವವರಲ್ಲ. "ಓ, ನೀವಾ ಅಮ್ಮ? ಯಾಕೆ ಇಷ್ಟು ದೂರ ಬರಲಿಕ್ಕೆ ಹೋದಿರಿ? ಈಗ ಹೇಗಿದ್ದೀರಿ? ಜ್ವರ ಬಿಟ್ಟಿತಾ? ಆಸ್ಪತ್ರೆಯಿಂದ ಬಂದ ಮೇಲೆ ನಾಲ್ಕು ದಿನ ಮಲಗಬೇಕಿತ್ತು ನೀವು."

ಪದ್ದು ಅವರನ್ನೇ ನೋಡಿದ‍ಳು. "ನಂಗೆಂತ ಜ್ವರ? ಪೂಜಿತ ಹುಟ್ಟಿದ್ ಮೇಲೆ ಆಸ್ಪತ್ರೆ ಮೆಟ್ಲ್ ಹತ್ಲಿಲ್ಲ ನಾನ್."

ರಾಜೇಂದ್ರ ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು.

"ಹೌದಾ? ಹಾಗಾದರೆ ಬೇರೆ ಯಾವುದೋ ಹುಡುಗಿಯ ತಾಯಿ ಇರಬೇಕು." ರಾಜೇಂದ್ರ ಕನ್ನಡಕ ತೆಗೆದು ಷರ್ಟಿನ ತುದಿಗೆ ಒರೆಸಿದರು. "ತಲೆ ಕೆಟ್ಟು ಕೆರ ಹಿಡಿದು ಹೋಗಿದೆ ಮಾರಾಯ್ತಿ. ಈ ನ್ಯಾಕ್ ಒಂದು ಕಡೆ, ಇದು ಒಂದು ಕಡೆ."

ಪದ್ದು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ಅವಳಿಗೆ ಅದು ದೊಡ್ಡವರ ಮರೆವು, ಅಷ್ಟೇ.

ವಿನಯಾ ಅವರು ಕೇಳಿದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಜ್ವರ. ಆಸ್ಪತ್ರೆ. ಗೇಟಿನ ಹತ್ತಿರದ ಆ ಸುಳ್ಳನ್ನು ಬಲ್ಲವರು ಮೂರೇ ಜನ. ಹೇಳಿದವನು, ಪೂಜಿತಾ, ತಾನು. ತಾನು ಯಾರಿಗೂ ಬಾಯಿ ಬಿಟ್ಟಿಲ್ಲ. ಪೂಜಿತಾ ಇಲ್ಲಿಲ್ಲ.

"ಸಂಜೆ ಹೇಳಿಕೆ ಕೊಡಲಿಕ್ಕೆ ನೀವೊಬ್ಬರೇ ಹೋಗಬೇಡಿ," ಎಂದರು ರಾಜೇಂದ್ರ ದನಿ ತಗ್ಗಿಸಿ. "ನನ್ನ ಕಾರಿನಲ್ಲಿ ಹೋಗೋಣ. ಉದ್ದ ಎಳೆಯುವುದು ಬೇಡ. ಬೀಗ ಹಾಕಿತ್ತು, ಯಾರೂ ಬರಲಿಲ್ಲ. ಇಷ್ಟೇ. ನಿಮಗೂ ಒಳ್ಳೆಯದು, ಕಾಲೇಜಿಗೂ ಒಳ್ಳೆಯದು."

"ಆಯ್ತು ಸರ್," ಎಂದಳು. ತನ್ನ ದನಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ತಾನೇ ಬೆರಗಾದಳು.

ಪದ್ದು ಮಗಳ ರೂಮಿನಲ್ಲಿ ಬಹಳ ಹೊತ್ತು ಇರಲಿಲ್ಲ. ಹಾಸಿಗೆಯ ಮೇಲೆ ಕೈಯಾಡಿಸಿ, ಹಗ್ಗದ ಮೇಲಿದ್ದ ಒಂದು ಚೂಡಿದಾರವನ್ನು ಮಡಿಸಿಟ್ಟು, ಗೆಳತಿಯರು ಕೊಟ್ಟ ನೀರು ಕುಡಿದು ಬಸ್ಸಿಗೆ ಹೊರಟಳು. ಗೇಟು ದಾಟುವಾಗ, "ಮೀನಿಗೆ ಉಪ್ಪ್ ಹಾಕಿ ಇಟ್ಟಿದ್ದೆ ಟೀಚ್ರೆ. ಹಾಳ್ ಮಾಡ್ಬೇಡಿ," ಎಂದಳು. ಬೇರೆ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ವಿನಯಾ ಪಾಠಕ್ಕೆ ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತು ಒಂದೊಂದೇ ಎಳೆಯನ್ನು ಬಿಡಿಸಿದಳು. ಇತಿಹಾಸ ಕಲಿಸುವವಳಿಗೆ ಅದು ಹೊಸ ಕೆಲಸವಲ್ಲ. ಆದರೆ ಈ ಸಲ ಎಲ್ಲಿ ಎಳೆದರೂ ತುದಿ ತನ್ನ ಕೈಗೇ ಬರುತ್ತಿತ್ತು.

ಮೊದಲನೆಯದು ಬ್ಯಾನರಿನ ದಿನ. ನ್ಯಾಕ್‌ಗೆ ತೋರಿಸಲು ಕಾಲೇಜಿನಲ್ಲಿ ನಡೆಯದ ಕಾರ್ಯಕ್ರಮಗಳ ಫೋಟೋಗಳು ಬೇಕಾಗಿದ್ದವು. ಒಂದೇ ಬೆಳಿಗ್ಗೆ ಅಂಗಳದಲ್ಲಿ ಪರಿಸರ ದಿನ, ಮತದಾರರ ಜಾಗೃತಿ, ಮಹಿಳಾ ಸಬಲೀಕರಣ ಎಂದು ಒಂದಾದ ಮೇಲೊಂದು ಬ್ಯಾನರು ಕಟ್ಟಿ, ಬಿಚ್ಚಿ, ಅದೇ ಹುಡುಗಿಯರನ್ನು ಬೇರೆ ಬೇರೆ ದುಪಟ್ಟಾ ಹಾಕಿಸಿ ನಿಲ್ಲಿಸಿದ್ದರು. ವಿನಯಾಳೂ ಸ್ಟಾಫ್ ರೂಮಿಗೆ ಹೋಗಿ ಹೋಗಿ ಸೀರೆ ಬದಲಿಸಿ ಬಂದು ನಿಂತಿದ್ದಳು. "ಮೇಡಂ, ಈ ಸೀರೆ ಪರಿಸರದ್ದಾ, ಮತದಾರರದ್ದಾ?" ಎಂದು ಪೂಜಿತಾ ಕೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ತಂಡದೆದುರು ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಆರಿಸಿದ್ದೂ ಪೂಜಿತಾಳನ್ನೇ. ಚೆಂದ ಮಾತಾಡುತ್ತಾಳೆ, ಮೀನುಗಾರರ ಮಗಳು, ತಂಡಕ್ಕೆ ಹಿಡಿಸುತ್ತದೆ ಎಂದಿದ್ದರು ರಾಜೇಂದ್ರ. ಒಂದು ಸಂಜೆ ಹಾಸ್ಟೆಲಿನ ಮೆಟ್ಟಿಲಲ್ಲಿ ಕೂತು ಪೂಜಿತಾ ಹೇಳಿದ್ದಳು: "ಅವ್ರ್ ಕೇಂಡ್ರೆ ನಾನ್ ಇದ್ದದ್ ಇದ್ದಂಗೇ ಹೇಳ್ತೆ ಮೇಡಂ. ಫೋಟೋದ್ ಸಮೇತ."

ಆ ಮಾತನ್ನು ಮರುದಿನ ಚಹಾ ಕುಡಿಯುತ್ತಾ ರಾಜೇಂದ್ರರಿಗೆ ಹೇಳಿದವಳು ವಿನಯಾ. ನಗೆಗೆಂದು ಹೇಳಿದ್ದು. "ನಮ್ಮ ಪೂಜಿತ ನಿಮ್ಮ ಗ್ರೇಡಿಗೇ ಕಲ್ಲು ಹಾಕ್ತಾಳೆ ನೋಡಿ ಸರ್." ಅವರೂ ನಕ್ಕಿದ್ದರು. ಆದರೆ ಲೋಟದಲ್ಲಿದ್ದ ಚಹಾವನ್ನು ಅವರು ಮುಗಿಸಿರಲಿಲ್ಲ ಎಂದು ಈಗ ನೆನಪಾಯಿತು.

ರಾಜೇಂದ್ರ ಈ ಕಾಲೇಜಿನಲ್ಲಿ ಅವಳಿಗಿಂತ ಎರಡು ತರಗತಿ ಮುಂದಿದ್ದವರು. ಅವಳನ್ನು ವಿನಯಕ್ಕ ಎಂದು ಕರೆಯುತ್ತಿದ್ದ ಕಿರಿಯರನ್ನೆಲ್ಲ ಬಲ್ಲವರು. ಗೇಟಿಗೆ ಯಾರನ್ನು ಕಳಿಸಬೇಕು, ಅವನು ಹೇಗೆ ಕರೆಯಬೇಕು, ಹಾಗೆ ಕರೆದರೆ ಇವಳು ಏನು ಹೇಳುತ್ತಾಳೆ, ಎಲ್ಲ ಲೆಕ್ಕ ಹಾಕಬಲ್ಲವರು. ಬೀಗ ಹಾಕಿತ್ತು ತಾನೇ ಎಂದು ಎಲ್ಲರೆದುರು ಬಾಯಿ ಕಟ್ಟಿದ್ದೂ ಅವರೇ.

ತಂಡ ಬಂದು ಹೋಗುವವರೆಗೆ ಹುಡುಗಿಯನ್ನು ದೂರ ಇಟ್ಟಿದ್ದಾರೆ, ಅಷ್ಟೇ ಇರಬಹುದು. ಆಮೇಲೆ? ಹೊರಗೆ ಬಂದ ಹುಡುಗಿ ಎಲ್ಲವನ್ನೂ ಹೇಳುತ್ತಾಳೆ ಎಂದು ಅವರಿಗೆ ಗೊತ್ತಿಲ್ಲವೇ? ಈ ಪ್ರಶ್ನೆಯ ಮುಂದೆ ಯೋಚಿಸಲು ವಿನಯಾಳಿಗೆ ಹೆದರಿಕೆಯಾಯಿತು.

ರತನ್‌ಗೆ ಫೋನು ಮಾಡಲು ಹೆಸರು ತೆಗೆದಳು. ಏನೆಂದು ಹೇಳುವುದು? ಪ್ರಾಂಶುಪಾಲರು ಪದ್ದುವಿನ ಜ್ವರ ಕೇಳಿದರು ಎಂದೇ? ಅದರಲ್ಲಿ ಏನಿದೆ ಮೇಡಂ ಎನ್ನುತ್ತಾನೆ. ಅದರಲ್ಲಿ ಏನಿದೆ ಎಂದು ಹೇಳಬೇಕಾದರೆ ಗೇಟು ತೆಗೆದದ್ದು ನಾನು ಎಂದು ಮೊದಲು ಹೇಳಬೇಕು. ಬೆಳಿಗ್ಗೆ ಹ್ಞೂಂ ಎಂದದ್ದು ಸುಳ್ಳು ಎನ್ನಬೇಕು. ಹೇಳಿದರೂ ರಾಜೇಂದ್ರ ಕನ್ನಡಕ ಒರೆಸಿ, ತಪ್ಪಿ ಕೇಳಿದೆ ಎಂದಾರು. ಪೊಲೀಸರು ತಮ್ಮತ್ತ ತಿರುಗಿದ್ದಾರೆ ಎಂದು ತಿಳಿದ ಆ ಗಳಿಗೆಯಲ್ಲಿ ಹುಡುಗಿಗೆ ಏನಾಗುತ್ತದೆ?

ಇದು ಪೂಜಿತಾಳ ಮೇಲಿನ ಭಯವೋ, ತನ್ನ ಕೆಲಸದ, ಹೆಸರಿನ ಮೇಲಿನ ಭಯವೋ? ಎರಡನ್ನೂ ಬೇರೆ ಮಾಡಲು ನೋಡಿದಳು. ಆಗಲಿಲ್ಲ. ಫೋನನ್ನು ಕೆಳಗಿಟ್ಟಳು.

ಇಟ್ಟ ಫೋನು ಹೊಡೆದುಕೊಂಡಿತು. ಬ್ರಹ್ಮಾವರದಿಂದ ಗಂಡ. ಅಲ್ಲಿ ಬಟ್ಟೆಯಂಗಡಿ ಇಟ್ಟುಕೊಂಡಿದ್ದಾನೆ. ವಾರಕ್ಕೊಮ್ಮೆ ಅವಳು ಹೋಗುತ್ತಾಳೆ.

"ಆದಿತ್ಯವಾರ ಬತ್ಯಾ?"

"ಬತ್ತೆ."

"ಆ ಹೆಣ್ಣಿನ ಸುದ್ದಿ ಎಂತಾರೂ?"

"ಇಲ್ಲ."

"ನೀ ತಲೆಬಿಸಿ ಮಾಡ್ಕಣ್ಬೇಡ. ನಿಂದೆಂತ ತಪ್ಪಿತ್ತ್ ಅದ್ರಲ್ಲಿ?"

"ಇಡ್ತೆ," ಎಂದಳು ಅವಳು.

ಬಿಸಿಲು ಇಳಿಯುವ ಹೊತ್ತಿಗೆ ಎದ್ದು ಮುಖ ತೊಳೆದಳು. ತಲೆ ಬಾಚಿಕೊಂಡಳು. ಕೊಯ್ದ ಬೆರಳಿಗೆ ಬಟ್ಟೆಯ ಚೂರು ಸುತ್ತಿದಳು. ಕನ್ನಡಿಯಲ್ಲಿ ಕಂಡ ಮುಖ ನಂಬುವಂತಹ ಮುಖವಾಗಿತ್ತು. ಇಷ್ಟು ವರ್ಷ ಎಲ್ಲರೂ ನಂಬಿದ್ದೂ ಅದನ್ನೇ. ರಾಜೇಂದ್ರರೂ ನಂಬಿದ್ದಾರೆ, ಇವಳು ಬಾಯಿ ಬಿಡುವವಳಲ್ಲ ಎಂದು. ಅವರ ತಪ್ಪಿನ ಪಕ್ಕ ನಿಲ್ಲಬಲ್ಲಂಥ ತಪ್ಪು ಮಾಡಿದವಳು ಈ ಗುಡ್ಡೆಯಲ್ಲಿ ತಾನೊಬ್ಬಳೇ. ಪೊಲೀಸರಿಗೆ ತೆರೆಯದ ಬಾಗಿಲು, ಜೊತೆಯಲ್ಲಿ ತಪ್ಪು ಮಾಡಿದವಳಿಗೆ ತೆರೆದೀತು.

ಆಗ ಅವಳು ನಿಶ್ಚಯ ಮಾಡಿದಳು. ಕಾರು ಹೆದ್ದಾರಿಗೆ ಇಳಿದು ಕುಂದಾಪುರದ ಕಡೆಗೆ ತಿರುಗುವ ಮೊದಲೇ ಹೇಳುತ್ತೇನೆ. ಸರ್, ನಿಮ್ಮ ಆಳಿಗೆ ಗೇಟು ತೆಗೆದುಕೊಟ್ಟದ್ದು ನಾನು. ಅದು ನಿಮಗೂ ಗೊತ್ತು. ವಿಶಾಲ ಸುಳ್ಳು ಹೇಳುತ್ತಾನೆ ಎಂದು ನೀವು ಹೇಳಿದ ಹಾಗೇ ಸಹಿ ಹಾಕುತ್ತೇನೆ. ಅದಕ್ಕೆ ಮೊದಲು ಹುಡುಗಿಯನ್ನು ಒಂದು ಸಲ ನನ್ನ ಕಣ್ಣಿಗೆ ತೋರಿಸಿ.

ಅವರು ತೋರಿಸಿದರೆ? ತೋರಿಸಿದ ಮೇಲೆ ನಿಜಕ್ಕೂ ಸಹಿ ಹಾಕುತ್ತೇನೆಯೇ? ಆ ಪ್ರಶ್ನೆಯನ್ನು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿದರೆ ಯಾವ ಉತ್ತರ ಬರುತ್ತದೋ ಅವಳಿಗೇ ಖಾತ್ರಿಯಿರಲಿಲ್ಲ.

ಮೆಟ್ಟಿಲ ಹತ್ತಿರ ಹಾಸ್ಟೆಲಿನ ಹುಡುಗಿಯರು ಗುಂಪಾಗಿ ಕೂತಿದ್ದರು. ಇವಳನ್ನು ಕಂಡು ಎದ್ದು ದಾರಿ ಬಿಟ್ಟರು.

"ಎಲ್ಲಿಗ್ ಮೇಡಂ?"

"ಸ್ಟೇಷನ್ನಿಗೆ."

"ಒಬ್ರೇ ಹೋತ್ರಿಯಾ? ನಾವ್ ಯಾರಾರೂ ಬಪ್ಪುದಾ?"

"ಬೇಡ. ಊಟಕ್ಕೆ ನನ್ನ ಕಾಯ್ಬೇಡಿ."

ರಾಜೇಂದ್ರ ಒಳಗಿನಿಂದಲೇ ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದಿದ್ದರು. ವಿನಯಾ ಸೆರಗು ಸರಿ ಮಾಡಿಕೊಂಡು ಅವರನ್ನು ನೋಡಿ ನಕ್ಕಳು, ಹತ್ತಿ ಕೂತಳು.